ಗೀಜರ್ ಸೋರಿಕೆ: ಗಡಸು ನೀರಿನ ಊರಿನಲ್ಲಿ 25 ಲೀಟರ್ ಟ್ಯಾಂಕಿನ ದುರಸ್ತಿ

ದುರಸ್ತಿಗೆ ಬಂದದ್ದು 25 ಲೀಟರಿನ ಗೀಜರ್. ಗೋಡೆಗೆ ನೆಟ್ಟಗೆ ತೂಗುಹಾಕುವ ಮಾದರಿ, 2000 ವಾಟಿನ ಕಾಯಿಲ್, ಒಳಗೆ ಗಾಜಿನ ಲೇಪದ ಉಕ್ಕಿನ ಟ್ಯಾಂಕ್, ಬಳಕೆಯ ಆರನೆಯ ವರ್ಷ. ಊರು ವಿಜಯಪುರ. ನಗರದ ನಳದ ನೀರು ಸಾಲದಾದಾಗ ಬೋರಿನ ನೀರು, ಎರಡೂ ಮಾಳಿಗೆಯ ಮೇಲಿನ ಒಂದೇ ಟ್ಯಾಂಕಿಗೆ ಬೀಳುತ್ತವೆ. ದೂರು ಇಷ್ಟು: ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಅಂಚಿನಿಂದ ಹನಿ ಬೀಳುತ್ತದೆ, ಗೀಜರ್ ಹಾಕಿದಾಗ ಜಾಸ್ತಿಯಾಗುತ್ತದೆ, ಎರಡು ಸಲ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್) ಟ್ರಿಪ್ ಆಗಿದೆ. ನೋಡಿ ಹೋದ ಮೆಕ್ಯಾನಿಕ್ ಒಬ್ಬರು ಟ್ಯಾಂಕ್ ಒಡೆದಿದೆ, ಹೊಸದು ತನ್ನಿ ಎಂದಿದ್ದರು. ಟ್ಯಾಂಕ್ ಒಡೆದಿರಲಿಲ್ಲ.

ಗೀಜರ್ ಸೋರಿತು ಅಂದಕೂಡಲೇ ಹೊಸದರ ಮಾತು ಬರುವುದು ನಮ್ಮ ಕಡೆ ರೂಢಿ. ಸೋರಿಕೆ ಶುರುವಾಗುವ ಜಾಗ ನಾಲ್ಕೈದೇ, ಅದರಲ್ಲಿ ದುರಸ್ತಿಯಾಗದ್ದು ಒಂದೇ. ಹನಿ ಬೀಳುವ ಜಾಗವನ್ನು ನೋಡಿ ತೀರ್ಮಾನ ಮಾಡಬಾರದು. ನೀರು ಹೊರಟ ಜಾಗ ಬೇರೆ, ಬೀಳುವ ಜಾಗ ಬೇರೆ. ಮೇಲಿನ ಯಾವ ಜಾಯಿಂಟಿನಿಂದ ಹೊರಟರೂ ಅದು ಪೈಪು ಹಿಡಿದು ಇಳಿದು ಗೀಜರಿನ ಅತಿ ತಗ್ಗಿನ ತುದಿಯಲ್ಲೇ ಹನಿಯಾಗುತ್ತದೆ.

ಮೊದಲು ಕರೆಂಟು

ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಕತ್ತರಿಸುವಂತೆ ಜೋಡಿಸಿರುವುದು ಉಂಟು. ಸ್ವಿಚ್ ಆಫ್ ಇದ್ದರೂ ಕಾಯಿಲಿನ ತುದಿಯಲ್ಲಿ 230 ವೋಲ್ಟ್ ಕೂತಿರುತ್ತದೆ. ಎಂಸಿಬಿ (ಮನೆಯ ವಿತರಣಾ ಪೆಟ್ಟಿಗೆಯಲ್ಲಿ ಆ ಲೈನು ಕಡಿಯುವ ಸ್ವಿಚ್) ಇಳಿಸಿ, ಪ್ಲಗ್ ಇದ್ದರೆ ಕಿತ್ತು, ಮುಚ್ಚಳ ತೆಗೆದ ಮೇಲೆ ಟರ್ಮಿನಲ್‌ಗಳನ್ನು ಟೆಸ್ಟರಿನಿಂದ ಮತ್ತೊಮ್ಮೆ ನೋಡಬೇಕು. ಹನಿ ಬೀಳುವ ಗೀಜರಿನ ಕೆಳಗೆ ನಿಂತು ಯಾರೂ ಸ್ನಾನ ಮಾಡಬಾರದು, ಅದು ಒಂದೇ ಹನಿ ಇದ್ದರೂ ಸರಿ. ನೆಟ್ಟಗಿನ ಮಾದರಿಯಲ್ಲಿ ಕಾಯಿಲಿನ ಟರ್ಮಿನಲ್, ಥರ್ಮೋಸ್ಟಾಟ್, ಕಟೌಟ್ (ಅತಿ ಬಿಸಿಯಾದರೆ ಕರೆಂಟು ಕಡಿಯುವ ಭಾಗ) ಎಲ್ಲವೂ ಕೆಳಗಿನ ಮುಚ್ಚಳದ ಒಳಗೇ ಇರುತ್ತವೆ. ಸೋರಿದ ನೀರು ನೇರ ಅವುಗಳ ಮೇಲೆ ಹರಿಯುತ್ತದೆ. ಆರ್‌ಸಿಸಿಬಿ ಟ್ರಿಪ್ ಆದದ್ದು ಅದರ ಸೂಚನೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿಯನ್ನೇ ತಪ್ಪಿಸಿ ಲೈನು ಕೊಡುವವರಿದ್ದಾರೆ. ಜೀವ ಹೋಗುವ ಕೆಲಸ ಅದು. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಗೀಜರ್ ದುರಸ್ತಿಗಿಂತ ಮೊದಲು ಅದನ್ನು ಹಾಕಿಸಬೇಕು.

ವಾರಂಟಿ ಇನ್ನೂ ಇದ್ದರೆ ಬಿಚ್ಚಬೇಡಿ, ಕಂಪನಿಯವರನ್ನೇ ಕರೆಯಿರಿ. ಟ್ಯಾಂಕಿಗೆ 5ರಿಂದ 7 ವರ್ಷದ ವಾರಂಟಿ ಕೊಡುವ ಮಾದರಿಗಳು ಬಹಳ ಇವೆ, ಕಾರ್ಡು ಹುಡುಕುವುದು ಲಾಭ. ಇಲ್ಲಿ ಟ್ಯಾಂಕಿನ ವಾರಂಟಿ ಐದನೆಯ ವರ್ಷಕ್ಕೇ ಮುಗಿದಿತ್ತು.

ಎಲ್ಲಿಂದ ಹೊರಟಿದೆ?

ಗೀಜರ್ ಪೂರ್ತಿ ತಣಿದ ಮೇಲೆ ಹೊರಮೈ, ಪೈಪು, ವಾಲ್ವು ಎಲ್ಲವನ್ನೂ ಒಣ ಅರಿವೆಯಿಂದ ಒರೆಸಬೇಕು. ಆಮೇಲೆ ಪ್ರತಿ ಜಾಯಿಂಟಿಗೂ ಟಿಶ್ಯೂ ಕಾಗದದ ಒಂದೊಂದು ಪಟ್ಟಿ ಸುತ್ತಬೇಕು: ತಣ್ಣೀರು ಒಳಹೋಗುವ ನೀಲಿ ಗುರುತಿನ ಕಡೆ, ಬಿಸಿನೀರು ಹೊರಬರುವ ಕೆಂಪು ಗುರುತಿನ ಕಡೆ, ಸೇಫ್ಟಿ ವಾಲ್ವಿನ ಎರಡೂ ಎಳೆ (ಥ್ರೆಡ್), ಅದರ ಹನಿ ಕೊಳವೆ, ಗೋಡೆಗೂ ಗೀಜರಿಗೂ ನಡುವಿನ ಹೊಂದುಪೈಪಿನ ಎರಡೂ ತುದಿ, ಗೋಡೆಯ ಆಂಗಲ್ ಕಾಕ್ (ನೀರು ಬಂದ್ ಮಾಡುವ ನಳ). ಅರ್ಧ ಗಂಟೆ ತಣ್ಣಗೇ ಬಿಟ್ಟು ಯಾವ ಪಟ್ಟಿ ಮೊದಲು ನೆನೆಯಿತು ನೋಡಬೇಕು. ಒಂದೂ ನೆನೆಯದಿದ್ದರೆ ಗೀಜರ್ ಹಾಕಿ, ಬಿಸಿಯಾಗುವಷ್ಟು ಹೊತ್ತು ದೂರ ನಿಂತು, ಮತ್ತೆ ಎಂಸಿಬಿ ಇಳಿಸಿ ನೋಡಬೇಕು. ಟರ್ಮಿನಲ್ ನೆನೆದಿರುವ ಅನುಮಾನವಿದ್ದರೆ, ಆರ್‌ಸಿಸಿಬಿ ಟ್ರಿಪ್ ಆಗಿದ್ದರೆ, ಈ ಎರಡನೆಯ ಪರೀಕ್ಷೆ ಮಾಡಲೇಬಾರದು.

ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ ಒಂದೇ ಸಮ ಜಿನುಗಿದರೆ ಅದು ಪೈಪಿನ ಎಳೆಯದೋ ವಾಶರಿನದೋ ಆಗಿರುತ್ತದೆ. ಬಿಸಿಯಾಗುವಾಗ ಮಾತ್ರ ವಾಲ್ವಿನ ಕೊಳವೆಯಿಂದ ಹನಿ ಬಿದ್ದು, ಥರ್ಮೋಸ್ಟಾಟ್ ಆರಿದ ಮೇಲೆ ನಿಂತರೆ ಅದು ಸೋರಿಕೆಯೇ ಅಲ್ಲ. ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಬಿಸಿಯಾದಾಗ ಸುಮಾರು 1.4 ಶೇಕಡಾ ಹಿಗ್ಗುತ್ತದೆ. 25 ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 350 ಮಿಲಿಲೀಟರ್, ಅಂದರೆ ದೊಡ್ಡ ಲೋಟದಷ್ಟು. ವಾಲ್ವಿನೊಳಗಿನ ಏಕಮುಖ ತಡೆ ಅದನ್ನು ಹಿಂದಕ್ಕೆ ಪೈಪಿಗೆ ಹೋಗಲು ಬಿಡುವುದಿಲ್ಲ, ನಳ ಬಂದಾಗಿದೆ, ಇನ್ನೆಲ್ಲಿ ಹೋಗಬೇಕು? ಒತ್ತಡ ವಾಲ್ವಿನ ಮಿತಿ ಮುಟ್ಟಿದಾಗ ಆ ಕೊಳವೆಯಿಂದಲೇ ಹೊರಬರುತ್ತದೆ. ಬಹಳಷ್ಟು ವಾಲ್ವುಗಳ ಮೈಮೇಲೆ 0.8 ಎಂಪಿಎ ಅಥವಾ 8 ಬಾರ್ ಎಂದು ಕೊರೆದಿರುತ್ತದೆ, ಅದೇ ಆ ಮಿತಿ. ಮಾಳಿಗೆ ಟ್ಯಾಂಕಿನ ಒತ್ತಡ ಇದರ ಹತ್ತಿರಕ್ಕೂ ಬರುವುದಿಲ್ಲ. 10 ಮೀಟರ್ ಎತ್ತರಕ್ಕೆ 1 ಬಾರ್ ಎಂಬ ಲೆಕ್ಕದಲ್ಲಿ, ಗೀಜರಿಗಿಂತ 3 ಮೀಟರ್ ಮೇಲಿರುವ ಟ್ಯಾಂಕು ಕೊಡುವುದು 0.3 ಬಾರ್ ಮಾತ್ರ.

ಆ ಕೊಳವೆಗೆ ಎಂ-ಸೀಲ್ ಮೆತ್ತಿ, ಬೂಚು ಹೊಡೆದು ಸೋರಿಕೆ ನಿಂತಿತು ಎನ್ನುವುದನ್ನು ಊರೂರಲ್ಲಿ ಕಾಣುತ್ತೇವೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಕೊಳವೆ ಮುಚ್ಚಿದ ಗೀಜರಿನಲ್ಲಿ ಥರ್ಮೋಸ್ಟಾಟ್ ಅಂಟಿಕೊಂಡು, ಕಟೌಟೂ ಕೈಕೊಟ್ಟರೆ, ಆವಿಯ ಒತ್ತಡಕ್ಕೆ ಟ್ಯಾಂಕು ಸಿಡಿಯುತ್ತದೆ. ಹನಿ ಕಿರಿಕಿರಿಯಾದರೆ ಆ ಕೊಳವೆಗೆ ಸಣ್ಣ ಪೈಪು ಸಿಕ್ಕಿಸಿ ಬಚ್ಚಲಿನ ಮೋರಿಗೆ ಇಳಿಬಿಡಿ, ತುದಿ ಸದಾ ತೆರೆದಿರಲಿ. ಗೀಜರ್ ಆರಿದ ಗಂಟೆಗಳ ನಂತರವೂ ಕೊಳವೆ ತೊಟ್ಟಿಕ್ಕುತ್ತಲೇ ಇದ್ದರೆ ವಾಲ್ವಿನ ಆಸನದಲ್ಲಿ ಗಡಸು ನೀರು ಬಿಟ್ಟ ಸುಣ್ಣದ ಕಣ ಕೂತಿದೆ ಎಂದರ್ಥ. ಸನ್ನೆ (ಲಿವರ್) ಇರುವ ವಾಲ್ವಾದರೆ ಎರಡು ಮೂರು ಸಲ ಎತ್ತಿ ನೀರು ರಭಸದಿಂದ ಬಿಟ್ಟರೆ ಕಣ ಹೊರಬರಬಹುದು. ಬರದಿದ್ದರೆ ವಾಲ್ವ್ ಬದಲಿಸಬೇಕು, ಬಿಚ್ಚಿ ರಿಪೇರಿ ಮಾಡುವ ವಸ್ತು ಅಲ್ಲ ಅದು.

ಬೆಳಗಾವಿಯ ಮಳೆಗಾಲದಲ್ಲಿ ಇನ್ನೊಂದು ಸುಳ್ಳು ಸೋರಿಕೆ ಇದೆ. ಗಾಳಿಯಲ್ಲಿ ತೇವ ತುಂಬಿರುವಾಗ ತಣ್ಣೀರಿನ ಪೈಪಿನ ಮೈ ಬೆವರಿ ಹನಿಗಟ್ಟುತ್ತದೆ. ಒರೆಸಿದರೆ ಇಡೀ ಪೈಪಿನ ಮೇಲೆ ಸಮನಾಗಿ ಮತ್ತೆ ಮೂಡುತ್ತದೆ. ಸೋರಿಕೆಯಾದರೆ ಒಂದೇ ಬಿಂದುವಿನಿಂದ ಮೂಡುತ್ತದೆ.

ಈ ಗೀಜರಿನಲ್ಲಿ ಹೊರಗಿನ ಪಟ್ಟಿಗಳೆಲ್ಲ ಒಣಗಿಯೇ ಉಳಿದವು, ನೀರು ಮಾತ್ರ ಮುಚ್ಚಳದ ಅಂಚಿನಲ್ಲಿ ಬಂತು. ಹಾಗಾದರೆ ಉಳಿದದ್ದು ಎರಡು: ಕಾಯಿಲ್ ಕೂರುವ ಫ್ಲ್ಯಾಂಜಿನ (ಟ್ಯಾಂಕಿನ ಬಾಯಿಗೆ ನಟ್ಟು ಹಾಕಿ ಬಿಗಿಯುವ ತಗಡಿನ) ಗ್ಯಾಸ್ಕೆಟ್, ಇಲ್ಲವೆ ಟ್ಯಾಂಕ್.

ಬರಿದು ಮಾಡುವುದು, ಬಿಚ್ಚುವುದು

ಆಂಗಲ್ ಕಾಕ್ ಬಂದ್ ಮಾಡಿ, ಬಿಸಿನೀರಿನ ನಳ ತೆರೆದಿಡಬೇಕು. ನಳ ತೆರೆಯದಿದ್ದರೆ ಒಳಗೆ ಗಾಳಿ ಹೋಗದೆ ನೀರು ಇಳಿಯುವುದಿಲ್ಲ. ಆದರೆ ಇಷ್ಟರಿಂದ ಟ್ಯಾಂಕು ಬರಿದಾಗದು, ಏಕೆಂದರೆ ಬಿಸಿನೀರಿನ ಒಳಕೊಳವೆ ಟ್ಯಾಂಕಿನ ತುದಿಯವರೆಗೆ ಎದ್ದು ನಿಂತಿರುತ್ತದೆ, ನಳದಿಂದ ಬರುವುದು ಪೈಪಿನಲ್ಲಿದ್ದಷ್ಟು ಮಾತ್ರ. ಟ್ಯಾಂಕಿನ ನೀರು ಇಳಿಯಬೇಕಾದದ್ದು ತಣ್ಣೀರಿನ ಬಾಯಿಂದ. ಅಲ್ಲಿ ಏಕಮುಖ ತಡೆ ಇದೆ, ಹಾಗಾಗಿ ವಾಲ್ವಿನ ಸನ್ನೆ ಎತ್ತಿ ಹಿಡಿಯಬೇಕು ಅಥವಾ ವಾಲ್ವನ್ನೇ ತಿರುಗಿಸಿ ತೆಗೆಯಬೇಕು. ತೆಗೆಯುವಾಗ ಎರಡು ಪಾನಾ ಬೇಕು. ಒಂದು ವಾಲ್ವ್ ತಿರುಗಿಸಲು, ಇನ್ನೊಂದು ಟ್ಯಾಂಕಿನಿಂದ ಹೊರಬಂದ ಕೊಳವೆಯನ್ನು ಅಲುಗದಂತೆ ಹಿಡಿಯಲು. ಆ ಕೊಳವೆ ಟ್ಯಾಂಕಿಗೆ ವೆಲ್ಡ್ ಆಗಿರುತ್ತದೆ. ಒಂದೇ ಪಾನಾ ಹಾಕಿ ಜಗ್ಗಿದರೆ ವೆಲ್ಡಿನ ಬುಡದ ಗಾಜಿನ ಲೇಪ ಬಿರುಕು ಬಿಡುತ್ತದೆ, ಅಂದು ಏನೂ ಕಾಣದೆ ವರ್ಷದೊಳಗೆ ಅಲ್ಲಿ ಜಂಗು ಹಿಡಿದು ತೂತಾಗುತ್ತದೆ. ದುರಸ್ತಿಗೆ ಬಂದವರ ಕೈಯಿಂದಲೇ ಸಾಯುವ ಗೀಜರುಗಳು ಹೀಗೆ.

ಮುಚ್ಚಳ ಬಿಚ್ಚಿದ ಮೇಲೆ ಯಾವ ವೈರು ಎಲ್ಲಿ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಕಡ್ಡಾಯ. ಅರ್ಥ್ ವೈರು ಯಾವ ಬೋಲ್ಟಿಗೆ ಇತ್ತು ಎಂಬುದು ಎಲ್ಲಕ್ಕಿಂತ ಮುಖ್ಯ. ಥರ್ಮೋಸ್ಟಾಟ್ ಅದರ ಕೊಳವೆಯಿಂದ ನೇರ ಕೆಳಗೆ ಜಾರುತ್ತದೆ, ಅದರ ಕಡ್ಡಿ ಬಾಗಬಾರದು.

ಈಗ ಬರಿಗಣ್ಣಿಗೇ ಉತ್ತರ ಸಿಕ್ಕಿತು. ಫ್ಲ್ಯಾಂಜಿನ ಸುತ್ತಲಿನ ಪಫ್ ನಿರೋಧಕ (ಶಾಖ ತಡೆಯುವ ನೊರೆಪದರು) ಒಂದು ಮಗ್ಗುಲಲ್ಲಿ ಮಾತ್ರ ನೆನೆದಿತ್ತು; ಅದೇ ಮಗ್ಗುಲಲ್ಲಿ ಎರಡು ನಟ್ಟುಗಳ ನಡುವೆ ಬಿಳಿಯ ಸುಣ್ಣದ ಮೀಸೆ ಬೆಳೆದು, ಅದರ ಬುಡ ಕಂದುಬಣ್ಣಕ್ಕೆ ತಿರುಗಿತ್ತು. ಸೋರುವ ನೀರು ಬಿಸಿ ಲೋಹದ ಮೇಲೆ ಆವಿಯಾಗಿ ಸುಣ್ಣವನ್ನು ಅಲ್ಲೇ ಬಿಟ್ಟು ಹೋಗುತ್ತದೆ, ಹಾಗಾಗಿ ಬಿಳಿ ಗೆರೆಯ ಮೇಲ್ತುದಿಯೇ ಸೋರಿಕೆಯ ಬಾಯಿ. ಟ್ಯಾಂಕ್ ಒಡೆದಿದ್ದರೆ ಚಿತ್ರ ಬೇರೆ ಇರುತ್ತಿತ್ತು. ಫ್ಲ್ಯಾಂಜ್ ಒಣಗಿದ್ದು, ಅದರ ಮೇಲಿನ ಪಫ್ ಸುತ್ತೆಲ್ಲ ನೀರು ಕುಡಿದು ಭಾರವಾಗಿ, ಹೊರಗವಚದ ಸಂದಿನಿಂದ ಜಂಗಿನ ಬಣ್ಣದ ನೀರು ಇಳಿಯುತ್ತದೆ. ಆ ಸ್ಥಿತಿಗೆ ಬಂದದ್ದನ್ನು ದುರಸ್ತಿ ಮಾಡಲು ಹೋಗಬಾರದು. ಗಾಜಿನ ಲೇಪದ ಟ್ಯಾಂಕಿಗೆ ವೆಲ್ಡಿಂಗ್ ಹೊಡೆದರೆ ತೂತು ಮುಚ್ಚಬಹುದು, ಸುತ್ತಲ ಲೇಪ ಸುಟ್ಟು ಸಿಡಿದು ಹೋಗುತ್ತದೆ, ತಿಂಗಳುಗಳಲ್ಲಿ ಪಕ್ಕದಲ್ಲೇ ಇನ್ನೊಂದು ತೂತು. ಎಂ-ಸೀಲ್, ಅರಾಲ್ಡೈಟ್ ಯಾವುದೂ ಒತ್ತಡದ ಬಿಸಿನೀರಿಗೆ ತಾಳುವುದಿಲ್ಲ. ತಾಮ್ರದ ಟ್ಯಾಂಕಿನ ಹಳೆಯ ಗೀಜರಾದರೆ ಮಾತ್ರ ಬ್ರೇಜಿಂಗ್ (ಹೆಚ್ಚು ಶಾಖದ ಬೆಸುಗೆ) ಮಾಡಿಸುವುದರಲ್ಲಿ ಅರ್ಥವಿದೆ.

ಫ್ಲ್ಯಾಂಜ್ ಹೊರಬಂದಾಗ

ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಕೆಳಗೆ ಬಕೆಟ್ ಇರಬೇಕು. ತಣ್ಣೀರಿನ ಬಾಯಿಗಿಂತ ತಗ್ಗಿನಲ್ಲಿ ಉಳಿದ ಒಂದೆರಡು ಲೀಟರ್ ನೀರು, ಕೆಸರಿನ ಸಮೇತ ಒಮ್ಮೆಲೇ ಬೀಳುತ್ತದೆ. ಇಲ್ಲಿ ಕೆಸರಿಗಿಂತ ಹರಳೇ ಹೆಚ್ಚು ಬಿತ್ತು: ಉಗುರಿನಷ್ಟು ಅಗಲದ, ಒಂದು ಮೈ ನುಣುಪು ಮತ್ತೊಂದು ಮೈ ಒರಟಾದ ಬಿಳಿ ಚಕ್ಕೆಗಳು. ನುಣುಪು ಮೈ ಕಾಯಿಲಿಗೆ ಅಂಟಿದ್ದು. ಕಾಯಿಲ್ ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿದಾಗ ಸುಣ್ಣದ ಪದರು ಬಿರುಕು ಬಿಟ್ಟು ಉದುರುತ್ತದೆ, ಟ್ಯಾಂಕಿನ ತಳದಲ್ಲಿ ರಾಶಿಯಾಗುತ್ತದೆ. ರಾಶಿ ಬೆಳೆದು ಕಾಯಿಲಿನ ಕೆಳಭಾಗವನ್ನು ಹೂತುಹಾಕಿದ ಮೇಲೆ ಅಲ್ಲಿ ನೀರು ಹರಿದಾಡುವುದಿಲ್ಲ, ಶಾಖ ಫ್ಲ್ಯಾಂಜಿಗೆ ಇಳಿಯುತ್ತದೆ, ರಬ್ಬರ್ ಗ್ಯಾಸ್ಕೆಟ್ ಬೆಂದು ಗಟ್ಟಿಯಾಗುತ್ತದೆ. ಈ ಗ್ಯಾಸ್ಕೆಟ್ಟನ್ನು ಬಾಗಿಸಿದರೆ ಬಾಗದೆ ಮುರಿಯಿತು; ಸೋರಿದ ಜಾಗದಲ್ಲಿ ನೀರು ಕೊರೆದ ಸಣ್ಣ ಕಾಲುವೆ ಅಡ್ಡಲಾಗಿ ಎದ್ದು ಕಾಣುತ್ತಿತ್ತು.

ಫ್ಲ್ಯಾಂಜಿನ ಮೇಲೆ ಕಾಯಿಲಿನ ಪಕ್ಕ ನಿಲ್ಲಬೇಕಾದ ಮ್ಯಾಗ್ನೀಸಿಯಂ ಸರಳು, ಅಂದರೆ ಆನೋಡ್, ಇರಲೇ ಇಲ್ಲ ಎನ್ನಬೇಕು. ಉಳಿದದ್ದು ನಡುವಿನ ಉಕ್ಕಿನ ತಂತಿ ಮತ್ತು ಬುಡದಲ್ಲಿ ಗೆದ್ದಲು ತಿಂದ ಕಡ್ಡಿಯಂಥ ಒಂದು ಬೂದು ತುಣುಕು. ಗೀಜರಿನ ಆಯುಷ್ಯ ನಿಜಕ್ಕೂ ಇರುವುದು ಈ ಸರಳಿನಲ್ಲಿ. ಗಾಜಿನ ಲೇಪ ಎಷ್ಟೇ ಚೆನ್ನಾಗಿದ್ದರೂ ಸೂಜಿಮೊನೆಯಷ್ಟು ಬರಿದಾದ ಜಾಗಗಳು ಇದ್ದೇ ಇರುತ್ತವೆ. ಅಲ್ಲಿ ಉಕ್ಕು ಜಂಗು ಹಿಡಿಯುವ ಬದಲು ಉಕ್ಕಿಗಿಂತ ಚುರುಕಾದ ಮ್ಯಾಗ್ನೀಸಿಯಂ ತಾನು ಕರಗುತ್ತದೆ. ಸರಳು ಮುಗಿದ ದಿನದಿಂದ ಟ್ಯಾಂಕಿನ ಸರದಿ. ಲವಣ ಹೆಚ್ಚಿರುವ ನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ಸವಳು ಬೋರಿನ ನೀರಿನಲ್ಲಿ ಸರಳು ಬೇಗ ತೀರುತ್ತದೆ. ಆರು ವರ್ಷ ಯಾರೂ ಅದನ್ನು ನೋಡಿರಲಿಲ್ಲ. ಗ್ಯಾಸ್ಕೆಟ್ ಸೋರಿದ್ದು ಈ ಮನೆಯವರ ಪುಣ್ಯ; ಸೋರದಿದ್ದರೆ ಟ್ಯಾಂಕು ತೂತಾಗುವವರೆಗೆ ಯಾರೂ ಬಿಚ್ಚುತ್ತಿರಲಿಲ್ಲ.

ಕಾಯಿಲಿನ ಪರೀಕ್ಷೆ ಎರಡು. ಮೊದಲನೆಯದು ಮಲ್ಟಿಮೀಟರಿನಿಂದ ಎರಡು ಟರ್ಮಿನಲ್ ನಡುವಿನ ರೋಧ. 230 ವೋಲ್ಟಿಗೆ 2000 ವಾಟ್ ಕಾಯಿಲಿನ ರೋಧ ಸುಮಾರು 26.5 ಓಂ ಇರಬೇಕು. 3000 ವಾಟಿನದಾದರೆ 17.6 ಓಂ. ಇಲ್ಲಿ ಸರಿಯಾಗೇ ಬಂತು. ಎರಡನೆಯದು ಟರ್ಮಿನಲ್ಲಿಗೂ ಫ್ಲ್ಯಾಂಜಿನ ಲೋಹಕ್ಕೂ ನಡುವೆ. ಮಲ್ಟಿಮೀಟರಿನಲ್ಲಿ ಇದು ತೆರೆದ ಸರ್ಕ್ಯೂಟಿನಂತೆ ಕಂಡರೂ ನಂಬಬಾರದು, 500 ವೋಲ್ಟಿನ ಮೆಗ್ಗರ್ (ಕರೆಂಟಿನ ನಿರೋಧ ಅಳೆಯುವ ಮೀಟರ್) ಹಾಕಿ ನೋಡಬೇಕು. ಒಣಗಿಸಿ, ಟರ್ಮಿನಲ್ ಒರೆಸಿದ ಮೇಲೂ 1 ಮೆಗಾಓಮಿಗಿಂತ ಕೆಳಗೆ ತೋರಿಸಿದರೆ ಕಾಯಿಲಿನ ಕವಚದಲ್ಲಿ ನೀರು ಸೇರಿದೆ ಎಂದು ತಿಳಿಯಬೇಕು. ಇಲ್ಲಿ ಅದಕ್ಕಿಂತ ಬಹಳ ಕೆಳಗೆ ತೋರಿಸಿತು. ಟ್ರಿಪ್ ಆಗಲು ಸೋರಿದ ನೀರಷ್ಟೇ ಕಾರಣವಾಗಿರಲಿಲ್ಲ. ಬರಿಯ ಗ್ಯಾಸ್ಕೆಟ್ ಬದಲಿಸಿ ಮುಚ್ಚಿದ್ದರೆ ಸೋರಿಕೆ ನಿಂತು ಟ್ರಿಪ್ ಮುಂದುವರಿಯುತ್ತಿತ್ತು.

ಸಾಮಾನು ತರುವುದು

ಹಳೆಯ ಫ್ಲ್ಯಾಂಜ್, ಕಾಯಿಲ್, ಆನೋಡಿನ ತುಂಡು, ಗ್ಯಾಸ್ಕೆಟ್ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗುವುದೇ ಸರಿಯಾದ ದಾರಿ. ವಿಜಯಪುರದಲ್ಲಿ ಗಾಂಧಿ ಚೌಕದ ಸುತ್ತ, ಬೆಳಗಾವಿಯಲ್ಲಿ ಖಡೇ ಬಜಾರದ ಕಡೆ ವಿಚಾರಿಸಬಹುದು. ಬಾಯಿಮಾತಿನಲ್ಲಿ 25 ಲೀಟರಿನದು ಕೊಡಿ ಅಂದರೆ ತಪ್ಪು ಸಾಮಾನು ಬರುತ್ತದೆ, ಏಕೆಂದರೆ ಫ್ಲ್ಯಾಂಜಿನ ವ್ಯಾಸ, ಬೋಲ್ಟುಗಳ ಸಂಖ್ಯೆ, ಅವುಗಳ ನಡುವಿನ ಅಂತರ, ಥರ್ಮೋಸ್ಟಾಟ್ ಕೊಳವೆಯ ಉದ್ದ ಒಂದೊಂದು ಮಾದರಿಗೆ ಒಂದೊಂದು. ಆನೋಡಿನ ಎಳೆ ಎಂ6 ಇದೆಯೋ ಎಂ8 ಇದೆಯೋ ಅಲ್ಲೇ ತಿರುಗಿಸಿ ನೋಡಬೇಕು. ಕಾಯಿಲಿನಲ್ಲಿ ತಾಮ್ರದ ಕವಚದ್ದು ಅಗ್ಗ. ಗಡಸು ನೀರಿಗೆ ಇನ್‌ಕೊಲಾಯ್ (ನಿಕ್ಕಲ್ ಬೆರೆತ ಮಿಶ್ರಲೋಹ) ಕವಚದ್ದು ಅಥವಾ ಗಾಜಿನ ಲೇಪದ್ದು ತಾಳುತ್ತದೆ, ಹೆಚ್ಚಿನ ಹಣ ಅಲ್ಲಿ ಹಾಕಿದರೆ ವ್ಯರ್ಥವಲ್ಲ. ಐಎಸ್‌ಐ ಗುರುತು ಇಲ್ಲದ ಕಾಯಿಲ್ ಬೇಡ.

ತಂದದ್ದು: ಫ್ಲ್ಯಾಂಜಿನ ಸಮೇತ 2000 ವಾಟ್ ಕಾಯಿಲ್, ಮ್ಯಾಗ್ನೀಸಿಯಂ ಆನೋಡ್, ಗ್ಯಾಸ್ಕೆಟ್, 8 ಬಾರ್ ಸೇಫ್ಟಿ ವಾಲ್ವ್, ಅರ್ಧ ಇಂಚಿನ ಎರಡು ಸ್ಟೀಲ್ ಹೆಣಿಗೆಯ ಹೊಂದುಪೈಪು, ಟೆಫ್ಲಾನ್ ಟೇಪು, ಅರ್ಧ ಕಿಲೋ ಸಿಟ್ರಿಕ್ ಆಸಿಡ್. ಕಿರಾಣಿಯಲ್ಲಿ ಲಿಂಬುಫೂಲ್ ಎಂದು ಕೇಳಿದರೂ ಕೊಡುತ್ತಾರೆ. ಎಲ್ಲ ಸೇರಿ ಹೊಸ ಗೀಜರಿನ ಬೆಲೆಯ ಮೂರರಲ್ಲೊಂದು ಭಾಗ ಮುಟ್ಟಲಿಲ್ಲ.

ಸುಣ್ಣ ತೆಗೆಯುವುದು

ತಳದ ಹರಳನ್ನು ಮೊದಲು ಕೈಯಿಂದ ಗೋರಿ ತೆಗೆಯಬೇಕು. ಸ್ಕ್ರೂಡ್ರೈವರ್, ಚಾಣ, ಲೋಹದ ಬ್ರಷ್ ಒಳಗೆ ಹೋಗಲೇಬಾರದು. ಗಾಜಿನ ಲೇಪಕ್ಕೆ ಒಂದು ಗೀರು ಬಿದ್ದರೆ ಅದೇ ಮುಂದಿನ ತೂತು. ಮರದ ಚಮಚ, ನೈಲಾನ್ ಬ್ರಷ್ ಸಾಕು. ಗಟ್ಟಿಯಾಗಿ ಅಂಟಿದ್ದಕ್ಕೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ, ಬಾಯಿ ಮೇಲೆ ಮಾಡಿ ನಿಲ್ಲಿಸಿದ ಟ್ಯಾಂಕಿನ ತಳಭಾಗಕ್ಕೆ ಬಟ್ಟೆಯಲ್ಲಿ ಅದ್ದಿ ಒತ್ತಿಡಬಹುದು. ಗೋಡೆಯಿಂದ ಇಳಿಸಲು ಇಬ್ಬರು ಬೇಕು. ನೀರು ತುಂಬಿದ 25 ಲೀಟರ್ ಗೀಜರ್ 35 ಕಿಲೋ ದಾಟುತ್ತದೆ, ಪೂರ್ತಿ ಬರಿದಾಗದೆ ಎತ್ತಬಾರದು. ನೊರೆ ಬರುವುದು ಸುಣ್ಣ ಕರಗುತ್ತಿರುವ ಗುರುತು, ನೊರೆ ನಿಂತರೆ ಆಮ್ಲ ತೀರಿದೆ, ಹೊಸದು ಹಾಕಬೇಕು. ಕುದಿಯುವ ನೀರಿನಲ್ಲಿ ಬೆರೆಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಮತ್ತೆ ಗಟ್ಟಿಯಾಗಿ ಕೂರುತ್ತದೆ, ಹಾಗಾಗಿ ಉಗುರುಬೆಚ್ಚಗೇ ಸಾಕು. ಕಡೆಗೆ ನಾಲ್ಕೈದು ಸಲ ತೊಳೆಯಬೇಕು.

ಪಾಯಖಾನೆ ತೊಳೆಯುವ ಆಸಿಡ್ ಸುರಿದರೆ ಕ್ಷಣದಲ್ಲಿ ಸುಣ್ಣ ಹೋಗುತ್ತದೆ ನಿಜ. ಅದು ಹೈಡ್ರೋಕ್ಲೋರಿಕ್ ಆಮ್ಲ. ಲೇಪವಿಲ್ಲದ ಉಕ್ಕನ್ನು ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ಲೋರೈಡ್ ಸೂಜಿತೂತು ಕೊರೆಯುತ್ತದೆ. ಬೇಡ.

ಜೋಡಣೆ

ಟ್ಯಾಂಕಿನ ಕಡೆಯ ಗ್ಯಾಸ್ಕೆಟ್ ಆಸನವನ್ನು ಬೆರಳು ಆಡಿಸಿ ಪರೀಕ್ಷಿಸಬೇಕು. ಒಂದು ಕಣ ಸುಣ್ಣ ಉಳಿದರೂ ಅದೇ ಜಾಗದಲ್ಲಿ ಮತ್ತೆ ಸೋರುತ್ತದೆ. ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಮೆತ್ತುವುದು, ಗ್ರೀಸ್ ಹಚ್ಚುವುದು ಬೇಡ, ಜಾರುವ ಗ್ಯಾಸ್ಕೆಟ್ ಬಿಗಿಯುವಾಗ ಹೊರಗೆ ಹಿಸುಕಿ ಬರುತ್ತದೆ. ಆನೋಡಿನ ಎಳೆಗೆ ಟೆಫ್ಲಾನ್ ಸುತ್ತಬಾರದು. ಲೋಹಕ್ಕೆ ಲೋಹ ತಾಗಿದರೆ ಮಾತ್ರ ಅದರ ಕೆಲಸ ನಡೆಯುತ್ತದೆ. ಕೂರಿಸಿದ ಮೇಲೆ ಆನೋಡಿಗೂ ಫ್ಲ್ಯಾಂಜಿಗೂ ಮಲ್ಟಿಮೀಟರ್ ಇಟ್ಟರೆ ಸೊನ್ನೆಯ ಹತ್ತಿರ ತೋರಿಸಬೇಕು. ಕೆಲವು ಮಾದರಿಗಳಲ್ಲಿ ಆನೋಡನ್ನು ಪ್ರತ್ಯೇಕವಾಗಿ ಕೂರಿಸಿ ವೈರಿನಿಂದ ಟ್ಯಾಂಕಿಗೆ ಜೋಡಿಸಿರುತ್ತಾರೆ, ಅಲ್ಲಿ ಆ ವೈರನ್ನು ಇದ್ದ ಹಾಗೇ ಮರಳಿ ಹಾಕಬೇಕು.

ನಟ್ಟುಗಳನ್ನು ಮೊದಲು ಬೆರಳಿನಿಂದ, ಆಮೇಲೆ ಎದುರುಬದುರಾಗಿ ಕಾಲು ಸುತ್ತಿನಷ್ಟು, ಮೂರು ನಾಲ್ಕು ಸರದಿಯಲ್ಲಿ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಫ್ಲ್ಯಾಂಜ್ ಓರೆಯಾಗಿ ಕೂರುತ್ತದೆ. ಗ್ಯಾಸ್ಕೆಟ್ ಸುತ್ತಲೂ ಒಂದೇ ಸಮ ಉಬ್ಬಿ ಕಂಡರೆ ಸಾಕು, ಇನ್ನೂ ಬಿಗಿ ಎಂದು ಜಗ್ಗಿದರೆ ತಗಡು ಬೋಲ್ಟಿನ ಹತ್ತಿರ ಬಾಗಿ ನಡುವೆ ಬಾಯಿ ಬಿಡುತ್ತದೆ.

ಪೈಪಿನ ಎಳೆಗೆ ಟೇಪನ್ನು ಎಳೆಯ ತುದಿಯನ್ನು ನಿಮ್ಮ ಕಡೆ ಹಿಡಿದು ಗಡಿಯಾರದ ದಿಕ್ಕಿಗೆ ಸುತ್ತಬೇಕು, ತಿರುಗಿಸಿ ಬಿಗಿಯುವಾಗ ಟೇಪು ಬಿಚ್ಚಿಕೊಳ್ಳದಿರಲು. ಅಂಗಡಿಯ ತೆಳು ಟೇಪಾದರೆ 10ರಿಂದ 15 ಸುತ್ತು, ಎಳೆದು ಬಿಗಿಯಾಗಿ. ಹೊಂದುಪೈಪಿನ ತುದಿಯಲ್ಲಿ ರಬ್ಬರ್ ವಾಶರ್ ಇದ್ದರೆ ಅಲ್ಲಿ ಟೇಪು ಬೇಡ, ಮುಚ್ಚುವುದು ವಾಶರೇ ಹೊರತು ಎಳೆ ಅಲ್ಲ. ಕೈಯಿಂದ ಬಿಗಿದು, ಪಾನಾದಿಂದ ಅರ್ಧ ಸುತ್ತು. ಸಿಪಿವಿಸಿ (ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್) ಪೈಪಿಗೆ ಜೋಡಿಸುವ ಕಡೆ ಹಿತ್ತಾಳೆ ಎಳೆ ಇರುವ ಜೋಡಣೆಯನ್ನೇ ಹಾಕಿಸಿ. ಪ್ಲಾಸ್ಟಿಕ್ ಎಳೆಗೆ ಟೇಪು ದಪ್ಪನೆ ಸುತ್ತಿ ಬಿಗಿದರೆ ಹೊರಗಿನ ತುಂಡು ಉದ್ದುದ್ದ ಸೀಳುತ್ತದೆ, ಗೋಡೆಯೊಳಗಾದರೆ ಟೈಲ್ಸ್ ಒಡೆಯಬೇಕಾದೀತು. ವಾಲ್ವಿನ ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗಿರಬೇಕು.

ನೀರು ತುಂಬುವವರೆಗೆ ಕರೆಂಟಿನ ಹೆಸರೆತ್ತಬಾರದು. ಆಂಗಲ್ ಕಾಕ್ ತೆರೆದು, ಬಿಸಿನೀರಿನ ನಳ ತೆರೆದಿಟ್ಟು, ಗಾಳಿಯ ಬುಸುಗುಟ್ಟುವಿಕೆ ನಿಂತು ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾಯಬೇಕು. ಖಾಲಿ ಟ್ಯಾಂಕಿನಲ್ಲಿ ಹಾಕಿದ ಕಾಯಿಲ್ ನಿಮಿಷಗಳಲ್ಲಿ ಸುಡುತ್ತದೆ. ತುಂಬಿದ ಮೇಲೆ ಒಂದು ಗಂಟೆ ತಣ್ಣಗೇ ಬಿಟ್ಟು ಫ್ಲ್ಯಾಂಜಿನ ಸುತ್ತ ಬೆರಳಾಡಿಸಿ ನೋಡಿ, ನೆನೆದ ಪಫ್ ಮತ್ತು ಟರ್ಮಿನಲ್‌ಗಳನ್ನು ಫ್ಯಾನಿನ ಗಾಳಿಗೆ ಒಣಗಿಸಿ, ಮೆಗ್ಗರ್ ಮತ್ತೊಮ್ಮೆ ಹಾಕಿ, ಅರ್ಥ್ ಬಿಗಿದು, ಮುಚ್ಚಳ ಹಾಕಿ, ಆಮೇಲೆ ಎಂಸಿಬಿ ಎತ್ತಬೇಕು. ಗೀಜರ್ ಸರಿಯಿದೆಯೇ ಎಂದು ತಿಳಿಯಲು ಗಡಿಯಾರವೇ ಸಾಕು: 25 ಲೀಟರನ್ನು 35 ಡಿಗ್ರಿ ಏರಿಸಲು 2000 ವಾಟ್ ಕಾಯಿಲಿಗೆ ಸುಮಾರು ಅರ್ಧ ಗಂಟೆ, ಒಂದು ಯೂನಿಟ್ ಕರೆಂಟು. ಮೊದಲ ಸಲ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಎಂಸಿಬಿ ಇಳಿಸಿ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಬೇಕು, ಹೊಸ ರಬ್ಬರ್ ಮೊದಲ ಬಿಸಿಗೆ ಕೊಂಚ ಕೂರುತ್ತದೆ.

ಥರ್ಮೋಸ್ಟಾಟನ್ನು 55ರಿಂದ 60 ಡಿಗ್ರಿಯ ನಡುವೆ ಇಟ್ಟರೆ ಒಳ್ಳೆಯದು. ಅದಕ್ಕಿಂತ ಮೇಲೆ ಹೋದಷ್ಟೂ ಸುಣ್ಣ ಕಟ್ಟುವ ವೇಗ ಹೆಚ್ಚುತ್ತದೆ. ಬಹಳ ಕೆಳಗಿಟ್ಟರೆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ನೀರು ನಾರುತ್ತದೆ.

ಯಾವ ಊರಿಗೆ ಎಷ್ಟು ಸಲ

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರು ಇಲ್ಲದಾಗ 600. ಲೀಟರಿಗೆ 400 ಮಿಲಿಗ್ರಾಂ ಇರುವ ಬೋರಿನ ನೀರನ್ನು ಲೆಕ್ಕಕ್ಕೆ ಹಿಡಿಯೋಣ. ದಿನಕ್ಕೆ 100 ಲೀಟರ್ ಗೀಜರಿನ ಮೂಲಕ ಹೋದರೆ ಅದರೊಂದಿಗೆ 40 ಗ್ರಾಂ ಹಾದುಹೋಗುತ್ತದೆ. ನೂರಕ್ಕೆ ಐದರಷ್ಟೇ ಒಳಗೆ ಉಳಿದರೂ ದಿನಕ್ಕೆ 2 ಗ್ರಾಂ, ವರ್ಷಕ್ಕೆ ಮುಕ್ಕಾಲು ಕಿಲೋಗೆ ಹತ್ತಿರ. ಬೆಳಗಾವಿ ನಗರದಲ್ಲಿ ರಕ್ಕಸಕೊಪ್ಪ, ಹಿಡಕಲ್ ಜಲಾಶಯದ ನೀರೇ ಬರುವ ಮನೆಗೆ ಎರಡು ವರ್ಷಕ್ಕೊಮ್ಮೆ ಫ್ಲ್ಯಾಂಜ್ ಇಳಿಸಿ ಆನೋಡ್ ನೋಡಿದರೆ ನಡೆಯುತ್ತದೆ. ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲಿನ ಸೀಮೆಯಲ್ಲಿ, ವಿಜಯಪುರದ ಎರೆ ಭೂಮಿಯಲ್ಲಿ, ಬೋರಿನ ನೀರೇ ಗತಿಯಾದ ಮನೆಗೆ ವರ್ಷಕ್ಕೊಮ್ಮೆ ಬಿಚ್ಚಲೇಬೇಕು. ಚಳಿ ಶುರುವಾಗುವ ಮುಂಚೆ, ದೀಪಾವಳಿಯ ಹೊತ್ತಿಗೆ ಮಾಡಿಕೊಂಡರೆ ಅನುಕೂಲ. ಸರಳಿನ ನಡುವಿನ ತಂತಿ ಎಲ್ಲಾದರೂ ಕಾಣತೊಡಗಿದರೆ ಬದಲಿಸಿ. ಹಾಕಿದ ತಿಂಗಳು, ವರ್ಷವನ್ನು ಮುಚ್ಚಳದ ಒಳಮೈಯಲ್ಲಿ ಮಾರ್ಕರಿನಿಂದ ಬರೆದಿಡಿ. ಕಾಯಿಸುವಾಗ ಗೀಜರ್ ಪಟಪಟ ಸದ್ದು ಮಾಡತೊಡಗಿದರೆ ವರ್ಷ ತುಂಬುವವರೆಗೆ ಕಾಯುವುದೂ ಬೇಡ. ಸುಣ್ಣದ ಪದರಿನ ಕೆಳಗೆ ಸಿಕ್ಕ ನೀರು ಆವಿಯಾಗುವ ಸದ್ದು ಅದು.

ಬಂಬ ಸೋರಿದರೆ

ಕಟ್ಟಿಗೆ ಉರಿಸಿ ನೀರು ಕಾಯಿಸುವ ತಾಮ್ರದ ಬಂಬ ಇನ್ನೂ ಬಹಳ ಮನೆಗಳ ಹಿತ್ತಲಲ್ಲಿದೆ, ಅದರ ದುರಸ್ತಿಯ ತತ್ವವೇ ಬೇರೆ. ಅದರೊಳಗೆ ಒತ್ತಡವಿಲ್ಲ, ಟ್ಯಾಂಕು ತಾಮ್ರ, ಹಾಗಾಗಿ ತೂತಾದರೂ ಬೆಸೆಯಬಹುದು. ಸೋರುವುದು ಮುಖ್ಯವಾಗಿ ಎರಡು ಕಡೆ: ನಳ ಕೂರುವ ಜಾಗ, ಮತ್ತು ನಡುವಿನ ಬೆಂಕಿಕೊಳವೆ ತಳಕ್ಕೆ ಸೇರುವ ಹೊಲಿಗೆ. ನಳದ್ದಾದರೆ ವಾಶರ್ ಬದಲಿಸಿ ಒಳಗಿನ ನಟ್ಟು ಬಿಗಿದರೆ ಮುಗಿಯಿತು. ಹೊಲಿಗೆಯದ್ದಾದರೆ ಬೂದಿಯ ಮೇಲೆ ನೀರು ಬಿದ್ದ ಗುರುತು, ಹೊಲಿಗೆಯ ಮೇಲೆ ಹಸಿರು ಕಲೆ ಕಾಣುತ್ತವೆ.

ಹೊಲಿಗೆ ಬಿಡಲು ಕಾರಣ ಹೆಚ್ಚಾಗಿ ಒಂದೇ: ನೀರು ಕಡಿಮೆಯಾದಾಗಲೂ ಬೆಂಕಿ ಉರಿದಿದೆ. ತವರ-ಸೀಸದ ಬೆಸುಗೆ 183 ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುತ್ತದೆ. ನೀರು ಮುಟ್ಟಿಕೊಂಡಿರುವ ತಾಮ್ರ 100 ಡಿಗ್ರಿಯನ್ನು ಹೆಚ್ಚು ದಾಟುವುದಿಲ್ಲ, ಬೆಸುಗೆ ಉಳಿಯುತ್ತದೆ. ನೀರು ತಗ್ಗಿ ಹೊಲಿಗೆ ಬರಿದಾದ ಕ್ಷಣ ಬೆಂಕಿಯ ಶಾಖ ನೇರ ಬೆಸುಗೆಗೆ ತಟ್ಟುತ್ತದೆ. ಬೆಂಕಿಗೆ ತಾಗುವ ಹೊಲಿಗೆಗೆ ತವರದ ಬೆಸುಗೆ ಬದಲು ಬ್ರೇಜಿಂಗ್ ಮಾಡಿಸಿದರೆ ಖರ್ಚು ಕೊಂಚ ಹೆಚ್ಚು, ಆದರೆ ಆ ಲೋಹ ಕರಗಲು 600 ಡಿಗ್ರಿ ದಾಟಬೇಕು. ತಾಂಬಟರ (ತಾಮ್ರದ ಕೆಲಸದವರ) ಹತ್ತಿರ ಕೊಡುವ ಮುಂಚೆ ಒಳಗಿನ ಸುಣ್ಣವನ್ನು ಸಿಟ್ರಿಕ್ ಆಸಿಡಿನಿಂದ ತೆಗೆದು ಕೊಡಬೇಕು, ಸುಣ್ಣದ ಮೇಲೆ ಯಾವ ಬೆಸುಗೆಯೂ ಹಿಡಿಯುವುದಿಲ್ಲ. ಯಾವ ಬೆಸುಗೆ ಹಾಕುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ಸೀಸ ಬೆರೆತದ್ದಾದರೆ ಆ ಬಂಬದ ನೀರನ್ನು ಸ್ನಾನಕ್ಕೆ ಬಿಟ್ಟು ಅಡುಗೆಗಾಗಲಿ ಕುಡಿಯಲಿಕ್ಕಾಗಲಿ ತೆಗೆಯಬಾರದು.